ತಮ್ಮ ಪಾದ್ರಿಯಾದದ್ದು

ಪಾದ್ರಿಗಳನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ಇರಲಾರರು. ಬಿಳಿ ನಿಲುವಂಗಿ ತೊಟ್ಟು ಸ್ಕೂಟರಿನಲ್ಲಿ ಹೋಗುವವರು, ಶಾಲೆಯ ಕಚೇರಿಯಲ್ಲಿ ಕೂತು ಅಡ್ಮಿಷನ್ನಿಗೆ ಸಹಿ ಹಾಕುವವರು, ಕ್ರಿಸ್‌ಮಸ್ ದಿನ ಗೋದಲಿಯ ಪಕ್ಕ ನಿಂತು ಕೇಕು ಹಂಚುವವರು. ಆದರೆ ಒಬ್ಬ ಹುಡುಗ ಪಾದ್ರಿಯಾಗುವುದು ಹೇಗೆ, ಎಷ್ಟು ವರ್ಷ ಹಿಡಿಯುತ್ತದೆ, ಏನು ಓದಬೇಕು ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳಿದವಳು ನಾನು. ನನ್ನ ತಮ್ಮ ಪಾದ್ರಿ ಎಂದು ತಿಳಿದ ಕೂಡಲೇ ಮಕ್ಕಳ ಪ್ರಶ್ನೆ ಶುರುವಾಗುತ್ತಿತ್ತು. 'ಮಿಸ್, ಅದಕ್ಕೂ ಸಿ.ಇ.ಟಿ. ಇದೆಯಾ?' 'ಫೇಲಾದರೆ ಏನು ಮಾಡ್ತಾರೆ?' 'ಸಂಬಳ ಎಷ್ಟು?' ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರದು ಬೇರೆ ಪ್ರಶ್ನೆ: 'ನಿಮ್ಮಮ್ಮ ಹೆಂಗೆ ಒಪ್ಪಿದರು?'

ಅಮ್ಮ ಒಪ್ಪಿದ್ದು ಸುಲಭವಾಗಿಯೇ. ಒಪ್ಪದೇ ಇದ್ದವರು ಅಪ್ಪ.

ನಮ್ಮದು ಭದ್ರಾವತಿ. ಹಳೆಯ ಹೆಸರು ಬೆಂಕಿಪುರ. ಊರಿಗೆ ಆ ಹೆಸರು ಕಾರ್ಖಾನೆಯ ಕುಲುಮೆಯಿಂದ ಬಂತೆಂದು ಹೊಸಬರು ತಿಳಿಯುವುದುಂಟು. ಹೆಸರು ಕಾರ್ಖಾನೆಗಿಂತ ಹಳೆಯದು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಇಲ್ಲಿ ಕಬ್ಬಿಣ ಕರಗಿಸತೊಡಗಿದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲಿಗೆ ಸುತ್ತಲ ಕಾಡಿನ ಮರ, ನೀರು ಭದ್ರೆಯಿಂದ. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕೆಲಸವಿದ್ದಲ್ಲಿಗೆ ಜನ ಬರುತ್ತಾರೆ. ತಮಿಳುನಾಡಿನಿಂದ, ಆಂಧ್ರದಿಂದ, ಕೇರಳದಿಂದ, ಕರಾವಳಿಯಿಂದ ಬಂದವರೆಲ್ಲ ಸೇರಿ ಈ ಊರಾಯಿತು. ನಮ್ಮ ತಾತ ತಮಿಳುನಾಡಿನ ಕಡೆಯಿಂದ ಬಂದು ಕೂಲಿಯಾಗಿ ಸೇರಿದವರು. ಅಪ್ಪ ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಎದುರು ಮನೆಯಲ್ಲಿ ಕೊಂಕಣಿ. ಹಬ್ಬದಲ್ಲಿ ತಟ್ಟೆ ಬದಲಾಯಿಸಿಕೊಳ್ಳುವಾಗ ಯಾರ ಭಾಷೆ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ದೇವಾಲಯದಲ್ಲಿ ಮಾತ್ರ ಆಗಾಗ ಕೇಳುತ್ತಿದ್ದರು. ಯಾವ ಪೂಜೆ ಯಾವ ಭಾಷೆಯಲ್ಲಿ ಎಂಬುದರ ಮೇಲೆ ದೊಡ್ಡವರು ಮುಖ ಊದಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಅದು ನಮ್ಮ ಊರಿಗೆ ಮಾತ್ರ ಇದ್ದ ಕಾಯಿಲೆಯಲ್ಲ ಬಿಡಿ.

ತಮ್ಮ ಹುಟ್ಟಿದ್ದು 1970ರಲ್ಲಿ, ನನಗಿಂತ ಆರು ವರ್ಷ ಚಿಕ್ಕವನು. ಮನೆಗೆ ಅವನೊಬ್ಬನೇ ಗಂಡು. ಎಂಟೊಂಬತ್ತು ವರ್ಷಕ್ಕೇ ಪೂಜೆಗೆ ಸಹಾಯ ಮಾಡುವ ಹುಡುಗರ ಗುಂಪು ಸೇರಿದ್ದ. ಇದರಲ್ಲಿ ಭಕ್ತಿ ಎಷ್ಟು, ಗಂಟೆ ಬಾರಿಸುವ ಆಸೆ ಎಷ್ಟು ಎಂದು ಹೇಳುವುದು ಕಷ್ಟ. ಬೆಳಗಿನ ಆರು ಗಂಟೆಯ ಪೂಜೆಗೆ ಐದೂವರೆಗೆ ಎದ್ದು ಓಡುತ್ತಿದ್ದ. ನೈಟ್ ಷಿಫ್ಟ್ ಮುಗಿಸಿ ಬರುವ ಅಪ್ಪ ದಾರಿಯಲ್ಲಿ ಎದುರಾಗುತ್ತಿದ್ದರು. ಅಪ್ಪನ ಸೈಕಲ್ಲು, ಮಗನ ಓಟ. ನಡುವೆ ಮಾತಿಲ್ಲ, ಒಂದು ನಗು. ಅಪ್ಪನಿಗೆ ಅವನು ಗಂಟೆ ಬಾರಿಸುವುದರಲ್ಲಿ ಆಕ್ಷೇಪವಿರಲಿಲ್ಲ.

1985ರ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು. ಬೇಸಿಗೆ ರಜೆಯಲ್ಲಿ ಒಂದು ವಾರದ ಶಿಬಿರಕ್ಕೆ ಹೋಗಿ ಬಂದವನು ರಾತ್ರಿ ಊಟಕ್ಕೆ ಕೂತಾಗ 'ನಾನು ಸೆಮಿನರಿಗೆ ಸೇರ್ತೀನಿ' ಎಂದ. ಅಮ್ಮ ಶಿಲುಬೆ ಗುರುತು ಹಾಕಿಕೊಂಡರು. ಅಪ್ಪ ಅನ್ನಕ್ಕೆ ಸಾರು ಕಲಸುವುದನ್ನು ನಿಲ್ಲಿಸಿ, ಮತ್ತೆ ಕಲಸಿ, ಪೂರ್ತಿ ಉಂಡು ಎದ್ದರು. ಆಮೇಲೆ ಎರಡು ತಿಂಗಳು ಅವರು ಆ ವಿಷಯ ಎತ್ತಲಿಲ್ಲ, ಎತ್ತಿದವರಿಗೆ ಉತ್ತರ ಕೊಡಲಿಲ್ಲ.

ಅಪ್ಪನ ಲೆಕ್ಕ ಏನಿತ್ತೆಂದು ಈಗ ಬರೆಯಬಹುದು. ಐ.ಟಿ.ಐ. ಮಾಡಿಸುವುದು, ಅಪ್ರೆಂಟಿಸ್ ಆಗಿ ಕಾರ್ಖಾನೆಗೆ ಸೇರಿಸುವುದು, ಕ್ವಾರ್ಟರ್ಸು ಮಗನ ಹೆಸರಿಗೆ ಬರುವುದು, ಸೊಸೆ, ಮೊಮ್ಮಕ್ಕಳು. ಅಂದಿನ ಭದ್ರಾವತಿಯಲ್ಲಿ ಇದು ಬಂಗಾರದ ಲೆಕ್ಕ. ಕಾರ್ಖಾನೆಯ ಕೆಲಸ ಎಂದರೆ ಸರ್ಕಾರವೇ ಅಪ್ಪ ಇದ್ದ ಹಾಗೆ. ಆ ಕುಲುಮೆ ತಣ್ಣಗಾದೀತು ಎಂದು ಯಾರಾದರೂ ಹೇಳಿದ್ದರೆ ಹುಚ್ಚ ಎನ್ನುತ್ತಿದ್ದರು. 1989ರಲ್ಲಿ ಕಾರ್ಖಾನೆ ಸೈಲ್ ಸಂಸ್ಥೆಯ ಕೈಗೆ ಹೋಯಿತು, ಕಾಗದದ ಕಾರ್ಖಾನೆ 2015ರ ಹೊತ್ತಿಗೆ ನಿಂತೇ ಹೋಯಿತು, 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು. ತಮ್ಮನ ಓರಗೆಯವರಲ್ಲಿ ಆ ಬಂಗಾರದ ಲೆಕ್ಕ ನಂಬಿದವರು ಕೆಲವರು ನಡು ವಯಸ್ಸಿನಲ್ಲಿ ಬೆಂಗಳೂರಿನ ಸೆಕ್ಯೂರಿಟಿ ಕೆಲಸಕ್ಕೆ ಹೋದರು. ಅಪ್ಪನ ಲೆಕ್ಕ ಸುಳ್ಳೆಂದು ಹೇಳುವುದಕ್ಕಲ್ಲ ಈ ಮಾತು. ಮಕ್ಕಳ ಮುಂದಿನ ಮೂವತ್ತು ವರ್ಷವನ್ನು ಯಾವ ತಂದೆಯೂ ಸರಿಯಾಗಿ ಕಂಡದ್ದಿಲ್ಲ.

ಧರ್ಮಕೇಂದ್ರದ ಗುರುಗಳು ಮನೆಗೆ ಬಂದರು. ಅಪ್ಪ ಕುರ್ಚಿ ಹಾಕಿದರು, ಕಾಫಿ ತರಿಸಿದರು, ಒಂದೇ ಪ್ರಶ್ನೆ ಕೇಳಿದರು: 'ಹುಡುಗನಿಗೆ ಹದಿನೈದು. ಮೀಸೆ ಬಂದಿಲ್ಲ. ಇಪ್ಪತ್ತೈದಕ್ಕೆ ಬೇಡ ಅನ್ನಿಸಿದರೆ?' ಗುರುಗಳು ಹೇಳಿದರು: 'ಇಪ್ಪತ್ತೈದರವರೆಗೆ ಯಾರೂ ಅವನನ್ನು ಗುರು ಮಾಡುವ ಹಾಗೇ ಇಲ್ಲ. ಅಲ್ಲಿಯವರೆಗೆ ಬಾಗಿಲು ಎರಡೂ ಕಡೆ ತೆರೆದಿರುತ್ತದೆ. ಅವನೂ ಹೋಗಬಹುದು, ನಾವೂ ಕಳಿಸಬಹುದು.'

ಈ ಮಾತು ನಿಜ. ಕಥೋಲಿಕ ಧರ್ಮಸಭೆಯ ಕಾನೂನಿನ ಪುಸ್ತಕ, 1983ರಲ್ಲಿ ಪರಿಷ್ಕಾರವಾದದ್ದು, ಇದನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. 25 ತುಂಬದೆ ಗುರುದೀಕ್ಷೆ ಇಲ್ಲ. ಗುರುದೀಕ್ಷೆಗೆ ಮುಂಚಿನ ಮೆಟ್ಟಿಲಾದ ಡೀಕನ್ ಪದವಿಗೆ 23 ತುಂಬಿರಬೇಕು, ಎರಡರ ನಡುವೆ ಕಡಿಮೆಯೆಂದರೂ ಆರು ತಿಂಗಳು ಕಳೆಯಬೇಕು. ತತ್ತ್ವಶಾಸ್ತ್ರ, ದೈವಶಾಸ್ತ್ರ ಎರಡೂ ಸೇರಿ ಪೂರ್ತಿ ಆರು ವರ್ಷದ ಓದು ಆಗಿರಬೇಕು. ಅದರ ಹಿಂದೆ ಪಿ.ಯು.ಸಿ., ಭಾಷೆ, ತಯಾರಿ. ನಡುವೆ ಒಂದು ವರ್ಷ ಊರಿನ ಅನುಭವ. ಕೂಡಿಸಿದರೆ ಎಸ್ಸೆಸ್ಸೆಲ್ಸಿ ಮುಗಿಸಿದವನಿಗೆ ಹತ್ತರಿಂದ ಹನ್ನೆರಡು ವರ್ಷ. ಎಂ.ಬಿ.ಬಿ.ಎಸ್. ಮುಗಿಸಿ ಎಂ.ಡಿ. ಮಾಡಿದವರೂ ಅಷ್ಟರಲ್ಲಿ ಬೋರ್ಡು ಹಾಕಿಕೊಂಡಿರುತ್ತಾರೆ.

ಜೂನ್ ತಿಂಗಳಲ್ಲಿ ತಮ್ಮ ಹೊರಟ. ಪಟ್ಟಿ ಕಳಿಸಿದ್ದರು: ಒಂದು ತಗಡಿನ ಟ್ರಂಕು, ಎರಡು ಹೊದಿಕೆ, ತಟ್ಟೆ, ಲೋಟ, ಬಕೆಟ್ಟು, ಬಿಳಿ ಪಂಚೆ. ಅಪ್ಪ ಆ ದಿನ ಡ್ಯೂಟಿಗೆ ಹೋದರು. ರಜೆ ಹಾಕಲಿಲ್ಲ. ಟ್ರಂಕಿಗೆ ಬೀಗ ಸಿಕ್ಕಿಸುವ ಕೊಂಡಿ ಸಡಿಲವಿತ್ತು. ಹಿಂದಿನ ರಾತ್ರಿ ಯಾರೋ ಅದನ್ನು ತೆಗೆದು ದಪ್ಪ ಕಬ್ಬಿಣದ ಹೊಸ ಕೊಂಡಿ ಕೂರಿಸಿದ್ದರು. ಅಂಥ ಕೊಂಡಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಕಿರಿಯ ಗುರುಮಠದ ಮೂರು ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸ್ಟೆಲಿನ ಜೀವನ ಹೇಗಿರುತ್ತದೋ ಹಾಗೆ. ಐದಕ್ಕೆ ಗಂಟೆ, ಧ್ಯಾನ, ಪೂಜೆ, ಉಪ್ಪಿಟ್ಟು, ಕಾಲೇಜು, ತೋಟದ ಕೆಲಸ, ಫುಟ್‌ಬಾಲ್, ಓದು, ಜಪಸರ, ರಾತ್ರಿ ಊಟವಾದ ಮೇಲೆ ಮೌನ. ರಾತ್ರಿಯ ಪ್ರಾರ್ಥನೆಯಿಂದ ಬೆಳಗಿನ ಪೂಜೆ ಮುಗಿಯುವವರೆಗೆ ಮಾತಾಡುವ ಹಾಗಿಲ್ಲ. ಮನೆಯಲ್ಲಿ ಅವನ ಬಾಯಿಗೆ ಬೀಗವೇ ಇರಲಿಲ್ಲವಾದ್ದರಿಂದ ನನಗೆ ಇದೇ ದೊಡ್ಡ ಪವಾಡ ಎನ್ನಿಸುತ್ತಿತ್ತು. ತಿಂಗಳಿಗೊಂದು ಇನ್‌ಲ್ಯಾಂಡ್ ಬರುತ್ತಿತ್ತು. ಅಮ್ಮನಿಗೆ ಓದಲು ಬಾರದು, ನಾನು ಓದಿ ಹೇಳುತ್ತಿದ್ದೆ. ಅಪ್ಪ ಕೇಳದವರ ಹಾಗೆ ಪೇಪರು ಹಿಡಿದು ಕೂರುತ್ತಿದ್ದರು. ಪುಟ ಮಾತ್ರ ತಿರುಗುತ್ತಿರಲಿಲ್ಲ. ಖರ್ಚಿನ ಬಹುಪಾಲು ಧರ್ಮಪ್ರಾಂತ್ಯವೇ ಹೊರುತ್ತಿತ್ತು, ಮನೆಯವರು ಕೈಲಾದಷ್ಟು ಕೊಡಬೇಕು. ಅಪ್ಪ ಪ್ರತಿ ತಿಂಗಳು ಸಂಬಳದ ದಿನ ಮನಿಯಾರ್ಡರ್ ಮಾಡುತ್ತಿದ್ದರು. ಫಾರಂ ತುಂಬುವವಳು ನಾನು. ಸಂದೇಶದ ಜಾಗದಲ್ಲಿ ಏನು ಬರೆಯಲಿ ಎಂದರೆ 'ಏನೂ ಬೇಡ' ಎನ್ನುವರು.

ಆಗ ನಮ್ಮ ಶಿವಮೊಗ್ಗ ಜಿಲ್ಲೆ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಬಿಷಪರಾಗಿದ್ದವರು ಅಲ್ಫೋನ್ಸಸ್ ಮಥಾಯಸ್. ಅವರ ಎಳವೆಯ ಕಥೆಯನ್ನು ತಮ್ಮ ಪತ್ರದಲ್ಲಿ ಬರೆದಿದ್ದ, ನನಗೂ ಆಮೇಲೆ ಕುತೂಹಲ ಹುಟ್ಟಿ ಇನ್ನಷ್ಟು ತಿಳಿದುಕೊಂಡೆ. ಉಡುಪಿಯ ಕಡೆಯ ಪಾಂಗಾಳದಲ್ಲಿ 1928ರ ಜೂನ್ 22ರಂದು ಹುಟ್ಟಿದವರು. ಹೈಸ್ಕೂಲು ಮುಗಿಸಿ ಮಂಗಳೂರು ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಗೆ ಸೇರಿದರು. ಅಲ್ಲಿಂದ ಅವರನ್ನು ಕಳಿಸಿದ್ದು ಸಮುದ್ರದಾಚೆಗೆ, ಸಿಲೋನಿನ ಕ್ಯಾಂಡಿಗೆ. ಭಾರತ ಮತ್ತು ಸಿಲೋನಿನ ಹುಡುಗರಿಗಾಗಿ ರೋಮಿನ ಜಗದ್ಗುರುಗಳು 1893ರಲ್ಲಿ ಅಲ್ಲೊಂದು ಗುರುಮಠ ತೆರೆದಿದ್ದರು. 1955ರಲ್ಲಿ ಅದು ಪುಣೆಗೆ ಬಂತು. ಮಥಾಯಸ್ ಅವರಿಗೆ 1954ರ ಆಗಸ್ಟ್ 24ರಂದು ಕ್ಯಾಂಡಿಯಲ್ಲೇ ಗುರುದೀಕ್ಷೆಯಾಯಿತು. 1963ರಲ್ಲಿ ಮೈಸೂರು ಧರ್ಮಪ್ರಾಂತ್ಯವನ್ನು ಒಡೆದು ಚಿಕ್ಕಮಗಳೂರು ಮಾಡಿದಾಗ ಅದರ ಮೊದಲ ಬಿಷಪರಾದರು. ಆಗ ಅವರಿಗೆ 35 ವರ್ಷ! ನಮ್ಮ ಶಾಲೆಗಳಲ್ಲಿ ಆ ವಯಸ್ಸಿನವರನ್ನು ಹೆಡ್‌ಮಾಸ್ಟರ್ ಕೂಡ ಮಾಡುವುದಿಲ್ಲ. 1986ರಲ್ಲಿ ಬೆಂಗಳೂರಿನ ಆರ್ಚ್‌ಬಿಷಪರಾಗಿ ಹೋದರು, 1998ರಲ್ಲಿ ನಿವೃತ್ತರಾದರು, 2024ರ ಜುಲೈಯಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಕಾಲದ ಓದಿಗೂ ತಮ್ಮನ ಕಾಲದ ಓದಿಗೂ ಅಜಗಜಾಂತರ. ಅವರದು ಲ್ಯಾಟಿನ್ ಯುಗ. ಪೂಜೆ ಲ್ಯಾಟಿನ್, ಪಠ್ಯ ಲ್ಯಾಟಿನ್. ಗುರುಗಳು ಜನರಿಗೆ ಬೆನ್ನು ಮಾಡಿ ಪೂಜೆ ಹೇಳುತ್ತಿದ್ದರು. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಇದನ್ನೆಲ್ಲ ಬದಲಾಯಿಸಿತು. ಪೂಜೆ ಕನ್ನಡಕ್ಕೆ ಬಂತು, ಗುರುಗಳು ಜನರತ್ತ ತಿರುಗಿದರು, ಸೆಮಿನರಿಯಲ್ಲಿ ಭಾರತೀಯ ದರ್ಶನಗಳ ಪಾಠ ಬಂತು. ಅಮ್ಮನಿಗೆ ಲ್ಯಾಟಿನ್ ಪೂಜೆಯ ನೆನಪಿತ್ತು. 'ಅರ್ಥ ಆಗ್ತಿರಲಿಲ್ಲ, ಆದರೆ ಅಳು ಬರ್ತಿತ್ತು' ಎನ್ನುವರು.

1988 ಎರಡು ಕಾರಣಕ್ಕೆ ನೆನಪಿದೆ. ಆ ವರ್ಷ ತಮ್ಮ ತತ್ತ್ವಶಾಸ್ತ್ರ ಓದಲು ಜೆಪ್ಪುವಿಗೆ ಹೋದ. ಅದೇ ನವೆಂಬರ್ 14ರಂದು ಚಿಕ್ಕಮಗಳೂರನ್ನು ಒಡೆದು ಶಿವಮೊಗ್ಗ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಶಿವಮೊಗ್ಗದ ಪವಿತ್ರ ಹೃದಯ ದೇವಾಲಯ ಕೆಥೆಡ್ರಲ್ ಆಯಿತು. ಮರುವರ್ಷ ಇಗ್ನೇಷಿಯಸ್ ಪಿಂಟೊ ಮೊದಲ ಬಿಷಪರಾಗಿ ಬಂದರು. ಓದುತ್ತಿದ್ದ ಹುಡುಗರು ರಾತ್ರಿ ಬೆಳಗಾಗುವುದರೊಳಗೆ ಬೇರೆ ಧರ್ಮಪ್ರಾಂತ್ಯದವರಾದರು. ಇದೇನು ದೊಡ್ಡ ವಿಷಯ ಎಂದು ನಿಮಗನ್ನಿಸಬಹುದು. ಧರ್ಮಪ್ರಾಂತ್ಯದ ಗುರುವಿಗೆ ಅದೇ ಮನೆ. ಜೆಸ್ವಿತರಂಥ ಸಭೆಗಳಿಗೆ ಸೇರಿದವರನ್ನು ದೇಶದ ಯಾವ ಮೂಲೆಗಾದರೂ ಕಳಿಸಬಹುದು, ಅವರು ಬಡತನದ ವ್ರತವನ್ನೂ ತೊಡುತ್ತಾರೆ. ಧರ್ಮಪ್ರಾಂತ್ಯದ ಗುರು ಹಾಗಲ್ಲ. ಅವನು ಬ್ರಹ್ಮಚರ್ಯಕ್ಕೂ ತನ್ನ ಬಿಷಪರಿಗೆ ವಿಧೇಯನಾಗಿರುವುದಕ್ಕೂ ಮಾತು ಕೊಟ್ಟು ಅದೇ ಸೀಮೆಯಲ್ಲಿ ಜೀವಮಾನ ಕಳೆಯುತ್ತಾನೆ. 'ಚಿಕ್ಕಮಗಳೂರಿನ ಕಾಫಿ ತೋಟ ತಪ್ಪಿತು, ಚಿತ್ರದುರ್ಗದ ಬಿಸಿಲು ಸಿಕ್ಕಿತು' ಎಂದು ತಮ್ಮ ನಗೆಯಾಡಿ ಬರೆದಿದ್ದ. ಹೊಸ ಧರ್ಮಪ್ರಾಂತ್ಯಕ್ಕೆ ಚಿತ್ರದುರ್ಗವೂ ಸೇರಿತ್ತು.

ಜೆಪ್ಪುವಿನ ಸೆಮಿನರಿ ಹಳೆಯದು, ಜೆಸ್ವಿತರು 1879ರಲ್ಲಿ ಆರಂಭಿಸಿದ್ದು. ಬೆಂಗಳೂರು ಮಲ್ಲೇಶ್ವರದ ಸಂತ ಪೇತ್ರರ ಸೆಮಿನರಿ ಅದಕ್ಕಿಂತಲೂ ಹಳೆಯದು; ಅದರ ಬೇರು 1778ರ ಪಾಂಡಿಚೇರಿಯಲ್ಲಿದೆ, ಬೆಂಗಳೂರಿಗೆ ಬಂದದ್ದು 1934ರಲ್ಲಿ. ಕರ್ನಾಟಕದ ಗುರುಗಳಲ್ಲಿ ಬಹಳ ಮಂದಿ ಈ ಎರಡರಲ್ಲೊಂದರ ಹೊಸ್ತಿಲು ತುಳಿದವರು. ಮಂಗಳೂರಿಗೆ ಹೋದ ತಮ್ಮನಿಗೆ ಮೊದಲು ಬಂದ ಕಷ್ಟ ತತ್ತ್ವಶಾಸ್ತ್ರದ್ದಲ್ಲ, ಮಾತಿನದು. ಸುತ್ತ ಕೊಂಕಣಿ, ಹೊರಗೆ ತುಳು, ತರಗತಿಯಲ್ಲಿ ಇಂಗ್ಲಿಷು. ಕನ್ನಡ ಮಾಧ್ಯಮದಲ್ಲಿ ಓದಿದ ಭದ್ರಾವತಿಯ ಹುಡುಗ ತರ್ಕಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿಯಬೇಕು. ಮೊದಲ ವರ್ಷ ಅವನ ಪತ್ರಗಳು ಚಿಕ್ಕದಾದವು. ಎರಡನೆಯ ವರ್ಷ ಉದ್ದವಾದವು. ಮೂರನೆಯ ವರ್ಷ ನನಗೇ ಪಾಠ ಹೇಳತೊಡಗಿದ. ಎದುರು ಮನೆಯ ಕೊಂಕಣಿ ಅಜ್ಜಿಗೆ ರಜೆಯಲ್ಲಿ ಬಂದವನು ಕೊಂಕಣಿಯಲ್ಲಿ ಮಾತಾಡಿಸಿದ ದಿನ ಆಕೆ ಕಣ್ಣೊರೆಸಿಕೊಂಡದ್ದು ಬೀದಿಗೆಲ್ಲ ಸುದ್ದಿಯಾಗಿತ್ತು.

ಪ್ರತಿ ವರ್ಷದ ಕೊನೆಯಲ್ಲಿ ಗುರುಮಠದ ಅಧ್ಯಾಪಕರು ಕೂತು ಒಬ್ಬೊಬ್ಬ ವಿದ್ಯಾರ್ಥಿಯ ಬಗ್ಗೆ ವರದಿ ಬರೆದು ಬಿಷಪರಿಗೆ ಕಳಿಸುತ್ತಾರೆ. ಅಂಕ ಒಂದು ಭಾಗ ಮಾತ್ರ. ಕೋಪ ಹೇಗೆ, ಸ್ನೇಹ ಹೇಗೆ, ಹೇಳಿದ ಕೆಲಸ ಮಾಡುತ್ತಾನೋ, ಸುಳ್ಳು ಹೇಳುತ್ತಾನೋ, ಒಬ್ಬನೇ ಇರಬಲ್ಲನೋ. ನಮ್ಮ ಕಾಲೇಜುಗಳಲ್ಲಿ ಇಂಥದ್ದೊಂದು ವರದಿ ಇಟ್ಟರೆ ಎಷ್ಟು ಜನ ಪಾಸಾಗುತ್ತಾರೋ! ತಮ್ಮನೊಡನೆ 1985ರಲ್ಲಿ ಸೇರಿದ ಹುಡುಗರಲ್ಲಿ ಕೊನೆ ಮುಟ್ಟಿದವರು ಐದೇ ಮಂದಿ. ಕೆಲವರನ್ನು ಕಳಿಸಿದರು. ಹೆಚ್ಚಿನವರು ತಾವೇ ಬಿಟ್ಟರು.

ಬಿಟ್ಟು ಬಂದವರ ಬಗ್ಗೆ ಹೇಳಲೇಬೇಕು. ಅವರ ಕಥೆಯನ್ನು ಯಾರೂ ಬರೆಯುವುದಿಲ್ಲ. ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಏಳು ವರ್ಷ ಓದಿ ಹಿಂದಿರುಗಿದ. ಯಾವ ತಪ್ಪೂ ಮಾಡಿದವನಲ್ಲ. ಇದು ತನ್ನ ದಾರಿಯಲ್ಲ ಎಂದು ಕಂಡುಕೊಂಡು, ಹೇಳಿ, ಆಶೀರ್ವಾದ ಪಡೆದು ಬಂದವನು. ಊರು ಅವನನ್ನು ನೋಡಿದ ರೀತಿ ಮಾತ್ರ ಬೇರೆ. ದೇವಾಲಯದ ಬಾಗಿಲಲ್ಲಿ ಹೆಂಗಸರು ಗುಸುಗುಸು ಎಂದರು. ಹೆಣ್ಣು ಕೊಡಲು ಹಿಂದೆಮುಂದೆ ನೋಡಿದರು. ಅವನ ತಾಯಿ ಎರಡು ವರ್ಷ ಬೆಳಗಿನ ಮೊದಲ ಪೂಜೆಗೆ ಮಾತ್ರ ಹೋದರು, ಜನ ಕಡಿಮೆ ಎಂದು. ಇಂಜಿನಿಯರಿಂಗ್ ಮೂರನೆಯ ವರ್ಷಕ್ಕೆ ಬಿಟ್ಟವನಿಗೂ ನಾವು ಇಷ್ಟು ಶಿಕ್ಷೆ ಕೊಡುವುದಿಲ್ಲ. ಬಾಗಿಲು ಎರಡೂ ಕಡೆ ತೆರೆದಿದೆ ಎಂದು ಧರ್ಮಸಭೆ ಹೇಳುತ್ತದೆ, ಹೊರಗೆ ನಿಂತು ಒಂದು ಕಡೆಯಿಂದ ಅದನ್ನು ಮುಚ್ಚುವವರು ಊರಿನವರು, ನೆಂಟರು, ಮಗನನ್ನು ಪಾದ್ರಿ ಎಂದು ಮೊದಲೇ ಕರೆದು ಬಿಟ್ಟ ಮನೆಯವರು. ಆ ಹುಡುಗ ಆಮೇಲೆ ಬ್ಯಾಂಕ್ ಸೇರಿದ, ಸಂಸಾರವಂದಿಗನಾದ. ಇವತ್ತಿಗೂ ನಮ್ಮ ಧರ್ಮಕೇಂದ್ರದಲ್ಲಿ ಬೈಬಲನ್ನು ಅವನಷ್ಟು ಚೆನ್ನಾಗಿ ಓದುವವರು ಇಲ್ಲ.

ಆ ಭಯ ನಮ್ಮ ಮನೆಗೂ ಬಂತು. ತತ್ತ್ವಶಾಸ್ತ್ರ ಮುಗಿಸಿದ ಮೇಲೆ 1991ರಲ್ಲಿ ತಮ್ಮನನ್ನು ಒಂದು ವರ್ಷದ ಅನುಭವಕ್ಕೆಂದು ಮಲೆನಾಡಿನ ಹಳ್ಳಿಯೊಂದಕ್ಕೆ ಕಳಿಸಿದ್ದರು. ಬಡ ಹುಡುಗರ ವಸತಿನಿಲಯ ನೋಡಿಕೊಳ್ಳುವುದು, ಸಂಜೆ ಪಾಠ ಹೇಳುವುದು, ದೂರದ ಮನೆಗಳಿಗೆ ಹೋಗುವುದು. ಮುಂದಿನ ಫೆಬ್ರವರಿಯ ಒಂದು ಮಧ್ಯಾಹ್ನ ಹೇಳದೆ ಕೇಳದೆ ಮನೆಗೆ ಬಂದ. ಕೈಯಲ್ಲಿ ಒಂದು ಚೀಲ. 'ಕೆಲವು ದಿನ ಇರ್ತೀನಿ, ಹೇಳಿ ಬಂದಿದ್ದೇನೆ' ಎಂದ. ಅಮ್ಮ ಮೀನು ಮಾಡಿದರು, ಏನೂ ಕೇಳಲಿಲ್ಲ. ಹನ್ನೊಂದು ದಿನ ಇದ್ದ. ಬೆಳಗ್ಗೆ ಭದ್ರಾ ಹೊಳೆಯ ಕಡೆ ಹೋಗಿ ಕೂರುವುದು, ಮಧ್ಯಾಹ್ನ ಮನೆಯ ಹಂಚು ಸರಿಮಾಡುವುದು. ಬೀದಿಯಲ್ಲಿ ಮಾತು ಹುಟ್ಟಿತು. 'ಓಡಿ ಬಂದನಂತೆ.'

ನಾಲ್ಕನೆಯ ದಿನ ನಲ್ಲಿಯ ಹತ್ತಿರ ಒಬ್ಬಾತ ಅಪ್ಪನನ್ನೇ ಕೇಳಿದ: 'ಏನು ಮೇಸ್ತ್ರಿ, ಮಗ ವಾಪಸ್ಸಾ?' ಏಳು ವರ್ಷ ಈ ವಿಷಯದಲ್ಲಿ ಬಾಯಿ ಬಿಡದಿದ್ದ ಅಪ್ಪ ಕೊಡ ಕೆಳಗಿಟ್ಟರು. 'ಅವನ ಮನೆ ಇದು. ಬರ್ತಾನೆ, ಇರ್ತಾನೆ, ಹೋಗ್ತಾನೆ. ನಿನ್ನ ಮನೆ ಬಾಗಿಲಿಗೆ ಬಂದರೆ ಹೇಳು' ಎಂದರು. ಆ ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಹೇಳಿದರು: 'ಬರೋದಾದರೆ ಬಾ. ನನಗೆ ನಾಚಿಕೆ ಇಲ್ಲ. ಹೋಗೋದಾದರೆ ಹೋಗು, ಅದಕ್ಕೂ ಬೇಜಾರಿಲ್ಲ. ನನಗೋಸ್ಕರ ಬರಬೇಡ, ನಿಮ್ಮಮ್ಮನಿಗೋಸ್ಕರ ಹೋಗಬೇಡ.' ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಹನ್ನೆರಡನೆಯ ದಿನ ತಮ್ಮ ಚೀಲ ತೆಗೆದುಕೊಂಡ. ಬಸ್ ಸ್ಟ್ಯಾಂಡಿನವರೆಗೆ ಹೋದ ನಾನು ಏಕೆ ಬಂದೆ, ಏಕೆ ಹೋಗುತ್ತಿದ್ದೀಯ ಎಂದು ಕೇಳಿದೆ. ಬಂದದ್ದಕ್ಕೆ ಕಾರಣ ಹೇಳಲಿಲ್ಲ. ಹೋಗುವುದಕ್ಕೆ ಹೇಳಿದ: 'ಆ ಹುಡುಗರಿಗೆ ಭಿನ್ನರಾಶಿ ಅರ್ಧಕ್ಕೆ ನಿಂತಿದೆ ಅಕ್ಕ. ಪರೀಕ್ಷೆ ಹತ್ತಿರ ಬಂತು.' ದೈವಕರೆ ಎಂಬ ದೊಡ್ಡ ಮಾತನ್ನು ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇನೆ. ನನ್ನ ಮಟ್ಟಿಗೆ ಅದರ ಅರ್ಥ ಆವತ್ತು ಆ ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ತಿಳಿಯಿತು.

ಆಮೇಲೆ ದೈವಶಾಸ್ತ್ರ, ನಾಲ್ಕು ವರ್ಷ. ಬೈಬಲ್, ಧರ್ಮಸಭೆಯ ಚರಿತ್ರೆ, ನೀತಿಶಾಸ್ತ್ರ, ಧರ್ಮಸಭೆಯ ಕಾನೂನು, ಪಾಪನಿವೇದನೆ ಕೇಳುವ ಕ್ರಮ. ಸಹಪಾಠಿಗಳ ಮುಂದೆ ಪ್ರಸಂಗ ಮಾಡುವ ಅಭ್ಯಾಸವೂ ಒಂದು ಪಾಠ. ಪ್ರಸಂಗ ಮುಗಿದ ಮೇಲೆ ಗೆಳೆಯರು ಒಬ್ಬೊಬ್ಬರಾಗಿ ಎದ್ದು ತಪ್ಪು ಹೇಳುತ್ತಾರೆ. ಎಂಟು ನಿಮಿಷ ಮೀರಬಾರದೆಂದು ಅವನಿಗೆ ಕಲಿಸಿದ್ದರಂತೆ. ಕಲಿಸಿದ್ದು ಎಲ್ಲರಿಗೂ ನೆನಪಿರುವುದಿಲ್ಲ ಎನ್ನುವುದಕ್ಕೆ ಭಾನುವಾರದ ಪೂಜೆಗೆ ಹೋಗುವವರೆಲ್ಲ ಸಾಕ್ಷಿ. ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1992ರ ಮಾರ್ಚ್ 25ರಂದು ಗುರುಗಳ ತರಬೇತಿಯ ಬಗ್ಗೆ ದೀರ್ಘ ಪತ್ರವೊಂದನ್ನು ಹೊರಡಿಸಿದ್ದರು. ಅದು ತರಬೇತಿಗೆ ನಾಲ್ಕು ಕಾಲು ಹೇಳುತ್ತದೆ: ಮನುಷ್ಯನಾಗಿ ಬೆಳೆಯುವುದು, ಆತ್ಮಜೀವನ, ಓದು, ಜನರ ನಡುವಿನ ಸೇವೆ. ಮೊದಲನೆಯದಾಗಿ ಹೆಸರಿಸಿದ್ದು ಮನುಷ್ಯನಾಗುವುದನ್ನು ಎಂಬುದು ನನಗೆ ಹಿಡಿಸಿತು.

ಡೀಕನ್ ಪದವಿಗೂ ಗುರುದೀಕ್ಷೆಗೂ ಮುಂಚೆ ಒಂದು ಕಾಗದ ಬರೆಯಬೇಕು. ಟೈಪ್ ಮಾಡುವಂತಿಲ್ಲ, ಸ್ವಂತ ಕೈಬರಹ, ಸ್ವಂತ ಸಹಿ. ಯಾರ ಒತ್ತಾಯವೂ ಇಲ್ಲದೆ ನನ್ನಿಚ್ಛೆಯಿಂದ ಇದನ್ನು ಸ್ವೀಕರಿಸುತ್ತಿದ್ದೇನೆ, ಬದುಕಿರುವವರೆಗೂ ಈ ಸೇವೆಗೆ ನನ್ನನ್ನು ಕೊಟ್ಟುಕೊಳ್ಳುತ್ತೇನೆ ಎಂದು ಅದರಲ್ಲಿರಬೇಕು. ಆಮೇಲೆ ಅವನ ಹೆಸರನ್ನು ಊರಿನ ದೇವಾಲಯದಲ್ಲಿ ಓದಿ ಹೇಳುತ್ತಾರೆ, ಮದುವೆಗೆ ಮುಂಚೆ ವಧೂವರರ ಹೆಸರು ಓದುವಂತೆ. ಅಡ್ಡಿ ಏನಾದರೂ ಗೊತ್ತಿದ್ದವರು ತಿಳಿಸಬೇಕು. ನಮ್ಮ ದೇವಾಲಯದಲ್ಲಿ ಹೆಸರು ಓದಿದ ಭಾನುವಾರ ಅಪ್ಪ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಓದಿ ಮುಗಿದ ಮೇಲೆ ತಿರುಗಿ ಇಡೀ ದೇವಾಲಯವನ್ನೊಮ್ಮೆ ನಿಧಾನವಾಗಿ ನೋಡಿದರು. ನಲ್ಲಿಯ ಹತ್ತಿರದವನೂ ಅಲ್ಲಿದ್ದ.

ಗುರುದೀಕ್ಷೆ 1997ರ ಬೇಸಿಗೆಯಲ್ಲಿ. ಹೆಸರು ಕರೆದರು, 'ಇಗೋ, ಇದ್ದೇನೆ' ಎಂದ. ನೆಲದ ಮೇಲೆ ಬೋರಲು ಮಲಗಿದ, ಜನರೆಲ್ಲ ಮೊಣಕಾಲೂರಿ ಸಂತರ ಪ್ರಾರ್ಥನಾಮಾಲೆ ಹಾಡಿದರು. ಬಿಷಪರು ಅವನ ತಲೆಯ ಮೇಲೆ ಎರಡೂ ಕೈಯಿಟ್ಟು ಸುಮ್ಮನೆ ನಿಂತರು. ಒಂದು ಮಾತೂ ಇಲ್ಲ. ಅಲ್ಲಿದ್ದ ಗುರುಗಳೆಲ್ಲ ಒಬ್ಬೊಬ್ಬರಾಗಿ ಬಂದು ಹಾಗೆಯೇ ಕೈಯಿಟ್ಟು ಹೋದರು. ಆ ಮೌನವೇ ಇಡೀ ಸಂಸ್ಕಾರದ ತಿರುಳು ಎಂದು ಆಮೇಲೆ ತಮ್ಮ ಹೇಳಿದ. ಅನಂತರ ಅಂಗೈಗೆ ಪವಿತ್ರ ತೈಲ ಹಚ್ಚುತ್ತಾರೆ. ಆ ತೈಲ ಒರೆಸಿದ ಬಿಳಿ ಬಟ್ಟೆಯನ್ನು ತಾಯಿಗೆ ಕೊಡುವುದು ಹಳೆಯ ಪದ್ಧತಿ. ಎಲ್ಲ ಕಡೆ ಇಲ್ಲ, ತಮ್ಮ ಕೊಟ್ಟ. ಅಮ್ಮ ಅದನ್ನು ಮದುವೆ ಸೀರೆಯ ಮಡಿಕೆಯಲ್ಲಿಟ್ಟರು. 2011ರಲ್ಲಿ ಅಮ್ಮ ಹೋದಾಗ ನಾನೇ ಅದನ್ನು ತೆಗೆದು ಅವರ ಕೈಗೆ ಸುತ್ತಿದೆ.

ತಾಯಂದಿರು ಕೇಳುವ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ: ವಯಸ್ಸಾದ ಮೇಲೆ ನೋಡಿಕೊಳ್ಳುವವರು ಯಾರು? ಉತ್ತರ ನೇರವಾಗಿಯೇ ಹೇಳುತ್ತೇನೆ. ನಾನು ನೋಡಿಕೊಂಡೆ, ನನ್ನ ಗಂಡ ನೋಡಿಕೊಂಡರು. ಧರ್ಮಪ್ರಾಂತ್ಯದ ಗುರುವಿಗೆ ಸಿಗುವುದು ಕೈಖರ್ಚಿನ ಭತ್ಯೆ. ಅದರಿಂದ ಸಂಸಾರ ನಡೆಯುವುದಿಲ್ಲ. ಅಪ್ಪ ಹಾಸಿಗೆ ಹಿಡಿದ ವರ್ಷ ತಮ್ಮ ವಾರಕ್ಕೊಮ್ಮೆ ಬಂದು ಮೈ ಒರೆಸಿ, ಗಡ್ಡ ತೆಗೆದು, ರಾತ್ರಿಯ ಬಸ್ಸಿಗೆ ಹೊರಡುತ್ತಿದ್ದ. ಔಷಧದ ಚೀಟಿ ನನ್ನ ಕೈಯಲ್ಲಿರುತ್ತಿತ್ತು. ಇದರಲ್ಲಿ ದೂರಿಲ್ಲ. ಆದರೆ ಮಗ ದೇವರ ಕೆಲಸಕ್ಕೆ ಹೋದ ಎಂದು ಹೊಗಳುವಾಗ, ಮನೆಯಲ್ಲಿ ಉಳಿದ ಮಗಳ ಲೆಕ್ಕವನ್ನೂ ಯಾರಾದರೂ ಬರೆದಿಡಬೇಕು. ಗಂಡು ಮಕ್ಕಳೇ ನೋಡಿಕೊಳ್ಳಬೇಕೆಂಬ ನಮ್ಮವರ ನಂಬಿಕೆಯನ್ನು ಆ ಒಂದು ವರ್ಷದಲ್ಲಿ ಅಪ್ಪ ಬಿಟ್ಟುಕೊಟ್ಟರು. 2004ರಲ್ಲಿ ಅವರು ತೀರಿಕೊಂಡಾಗ ಪೂಜೆ ಹೇಳಿದವನು ಅವನು. ಪ್ರಸಂಗ ಎಂಟು ನಿಮಿಷ ಮೀರಲಿಲ್ಲ.

ಈಗ ಭದ್ರಾವತಿಯೂ ಬಿಷಪರ ಊರು. ಮಲೆನಾಡಿಗೆ ಕೃಷಿಗೆಂದು ಬಂದ ಕೇರಳದ ಸಿರೋ ಮಲಬಾರ್ ಕ್ರೈಸ್ತರಿಗಾಗಿ 2007ರಲ್ಲಿ ಮಾನಂತವಾಡಿಯಿಂದ ಬೇರ್ಪಡಿಸಿ ಭದ್ರಾವತಿ ಧರ್ಮಪ್ರಾಂತ್ಯ ಮಾಡಿದರು. ಇಪ್ಪತ್ತು ಕಿಲೋಮೀಟರಿನೊಳಗೆ ಎರಡು ಕಥೋಲಿಕ ಧರ್ಮಪ್ರಾಂತ್ಯಗಳು, ಎರಡು ಪೂಜಾಪದ್ಧತಿ. ತರಬೇತಿಯ ಕ್ರಮವೂ ಬದಲಾಗಿದೆ. 2016ರ ಡಿಸೆಂಬರಿನಲ್ಲಿ ರೋಮಿನಿಂದ ಬಂದ ಹೊಸ ಮಾರ್ಗಸೂಚಿ ತತ್ತ್ವಶಾಸ್ತ್ರಕ್ಕೆ ಮುಂಚೆ ಪೂರ್ವತಯಾರಿಯ ಪ್ರತ್ಯೇಕ ಅವಧಿ ಇರಲೇಬೇಕೆನ್ನುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಟ್ರಂಕು ಹೊತ್ತು ಹೋಗುವ ಹುಡುಗರಿಗಿಂತ ಪಿ.ಯು.ಸಿ. ಅಥವಾ ಡಿಗ್ರಿ ಮುಗಿಸಿ ಹೋಗುವವರನ್ನು ನಾನು ಈಚೆಗೆ ಹೆಚ್ಚು ಕಾಣುತ್ತೇನೆ. ಅಧ್ಯಾಪಕಿಯಾಗಿ ನನಗೆ ಇದೇ ಸರಿ ಎನ್ನಿಸುತ್ತದೆ. ಹದಿನೈದಕ್ಕೆ ಹುಡುಗನಿಗೆ ತನ್ನ ದನಿಯೇ ಗುರುತು ಸಿಕ್ಕಿರುವುದಿಲ್ಲ. ತಮ್ಮ ಒಪ್ಪುವುದಿಲ್ಲ. 'ನೀವು ಹದಿನೇಳಕ್ಕೆ ಹುಡುಗರನ್ನು ಕೋಟಾಕ್ಕೆ ಕಳಿಸುತ್ತೀರಲ್ಲ, ಅವರನ್ನು ವರ್ಷಕ್ಕೊಮ್ಮೆ ಕೂರಿಸಿ ಸುಖವಾಗಿದ್ದೀಯೇನಪ್ಪ ಎಂದು ಕೇಳುವವರು ಯಾರು?' ಎನ್ನುತ್ತಾನೆ. ಈ ಜಗಳ ನಮ್ಮಿಬ್ಬರ ನಡುವೆ ಇನ್ನೂ ತೀರಿಲ್ಲ.

ಕಳೆದ ವರ್ಷ ಅವನ ಧರ್ಮಕೇಂದ್ರಕ್ಕೆ ನಾನು ಹೋಗಿದ್ದಾಗ ಅಡಿಕೆ ತೋಟದ ಕೆಲಸಗಾರನೊಬ್ಬ ಮಗನನ್ನು ಕರೆತಂದಿದ್ದ. ಹುಡುಗ ಹತ್ತನೆಯ ತರಗತಿ, ಫಾದರ್ ಆಗುತ್ತಾನಂತೆ. ತಂದೆ ಕೈ ಕಟ್ಟಿ ನಿಂತಿದ್ದ. ತಮ್ಮ ಹುಡುಗನನ್ನು ಏನೂ ಕೇಳಲಿಲ್ಲ, ತಂದೆಯನ್ನು ಕೇಳಿದ: 'ನಿನಗೆ ಏನನ್ನಿಸುತ್ತೆ?' ಆತ ತಲೆ ಕೆರೆದು, ಗೊತ್ತಾಗ್ತಿಲ್ಲ ಎಂದ. 'ಹಾಗಾದರೆ ಪರೀಕ್ಷೆ ಬರೆಯಲಿ. ಏಪ್ರಿಲಿನಲ್ಲಿ ಒಂದು ವಾರದ ಶಿಬಿರ ಇದೆ, ಬರಲಿ. ಅದಾದ ಮೇಲೆ ಪಿ.ಯು.ಸಿ. ಮುಗಿಸಲಿ. ಆಗಲೂ ಇದೇ ಮಾತು ಹೇಳಿದರೆ ನೀವಿಬ್ಬರೂ ಬನ್ನಿ' ಎಂದು ಹೇಳಿ, ಹುಡುಗನ ಕಡೆ ತಿರುಗಿ ಗಣಿತದಲ್ಲಿ ಎಷ್ಟು ಬಂದಿದೆ ಎಂದು ಕೇಳಿದ.